ಅಗ್ಗದ ಫೀಡು, ಹಗುರಾದ ಕೋಳಿ

ಭಾಲ್ಕಿ ಹತ್ತಿರ ನನ್ನದು 2,000 ಬ್ರಾಯ್ಲರ್‌ಗಳ ಶೆಡ್. ಸೋಯಾ ಹಿಂಡಿ ದುಬಾರಿಯಾಯಿತು ಅಂತ ಅಕ್ಕಿ ಡಿಡಿಜಿಎಸ್ ತಂದೆ. ಅಕ್ಕಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವುದನ್ನು ಒಣಗಿಸಿದ ಪುಡಿ ಅದು. ಪ್ರೋಟೀನ್ ಶೇ. 45ರ ಆಸುಪಾಸು, ಹೆಚ್ಚುಕಡಿಮೆ ಹಿಂಡಿಯಷ್ಟೇ. ಹಾಗಾದರೆ ಹಿಂಡಿ ಬದಲು ಇದನ್ನೇ ಸುರಿದರಾಯಿತು ಅಲ್ವಾ ಅಂದುಕೊಂಡು ಮರಿಗಳಿಗೂ ಶೇ. 15 ಹಾಕಿದೆ. ಮೂರನೇ ವಾರಕ್ಕೆ ತೂಕ ಹಿಂದೆ ಬಿತ್ತು, ಲಿಟರ್ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟು) ಒದ್ದೆ.

ಮೊದಲು ನೀರಿನ ನಿಪ್ಪಲ್ ಸೋರುತ್ತಿದೆ ಅಂತ ಹುಡುಕಿದೆ. ಸುಮ್ನೆ ಎರಡು ದಿನ ಹೋಯಿತು. ಆಮೇಲೆ ಪಶುವೈದ್ಯರು ಬಂದು ಚೀಲ ಬಿಚ್ಚಿಸಿದರು. ಪುಡಿ ಕಡುಕಂದು, ಸೀದ ವಾಸನೆ. ಒಣಗಿಸುವಾಗ ಕಾವು ಜಾಸ್ತಿಯಾದರೆ ಲೈಸಿನ್, ಅಂದರೆ ಕೋಳಿ ಬೆಳೆಯಲು ಬೇಕೇಬೇಕಾದ ಪ್ರೋಟೀನಿನ ಅಂಶ, ಹಾಳಾಗುತ್ತದಂತೆ. ಮೊದಲೇ ಇದರಲ್ಲಿ ಲೈಸಿನ್ ಹಿಂಡಿಗಿಂತ ಕಡಿಮೆ. ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ: ಪಿಷ್ಟವೆಲ್ಲ ಮದ್ಯಸಾರವಾಗಿ ಹೋಗುವುದರಿಂದ, ಧಾನ್ಯದಲ್ಲಿದ್ದ ಬೂಷ್ಟಿನ ವಿಷ ಇದರಲ್ಲಿ ಹಲವು ಪಟ್ಟಾಗುತ್ತದೆ.

ಆ ಚೀಲಗಳನ್ನು ಬದಿಗಿಟ್ಟೆ. ಮುಂದಿನ ಬ್ಯಾಚಿಗೆ ಮೊದಲ ಎರಡು ವಾರ ಡಿಡಿಜಿಎಸ್ ಇಲ್ಲ. ಆಮೇಲೆ ಶೇ. 5, ಕೊನೆಗೆ ಶೇ. 8. ಜೊತೆಗೆ ಲೈಸಿನ್, ಮತ್ತೆ ಬೂಷ್ಟಿನ ವಿಷ ಹಿಡಿದಿಡುವ ಟಾಕ್ಸಿನ್ ಬೈಂಡರ್. ಈಗ ತಿಳಿ ಬಣ್ಣದ ಪುಡಿ ಮಾತ್ರ ತರುತ್ತೇನೆ, ಅದೂ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ರಿಪೋರ್ಟ್ ನೋಡಿಯೇ. ಲಿಟರ್ ಒಣಗಿದೆ, ತೂಕವೂ ಸರಿಹೋಗಿದೆ. ಉಳಿತಾಯ ಮಾತ್ರ ಅಂದುಕೊಂಡಷ್ಟಿಲ್ಲ.