ಪಿನ್‌ಬಾಲ್ ಪೆಟ್ಟಿಗೆಗೆ 7.1 ಕೂರಿಸಿದ ನನ್ನ ಅನುಭವ

ನನ್ನ ಪಿನ್‌ಬಾಲ್ ಪೆಟ್ಟಿಗೆಗೆ, ಅಂದರೆ ಟಿವಿ ಪರದೆಯ ಮೇಲೆ ಪಿನ್‌ಬಾಲ್ ಆಡುವ ಮಷೀನಿಗೆ, 7.1 ಸರೌಂಡ್ (ಏಳು ಚಾನೆಲ್, ಜೊತೆಗೊಂದು ಸಬ್‌ವೂಫರ್) ಹಾಕಹೊರಟೆ. ಎರಡಡಿ ಅಗಲದ ಪೆಟ್ಟಿಗೆಯಲ್ಲಿ ಸರೌಂಡ್ ಎಲ್ಲಿಂದ ಬರುತ್ತೆ ಮಾರಾಯ ಅಂತ ಕೇಳದವರೇ ಇಲ್ಲ. ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಕರೆಂಟ್ ಸ್ವಿಚ್ ಹಾಕು, ಟಕ್ ಟಕ್ ಅಂತ ಕುಟ್ಟುತ್ತೆ, ಅಷ್ಟು ಸಾಕು ಅಂದರು. ಹಾಕಿದೆ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹಳೇ ಮಾಲು ಹುಡುಕಿ ನಾಲ್ಕು ತಂದೆ. ಚೆಂಡು ಹೊಡೆಯುವ ಫ್ಲಿಪ್ಪರ್‌ಗೆ ಪರವಾಗಿಲ್ಲ. ಆದರೆ ಚೆಂಡು ಮರದ ಮೇಲೆ ಉರುಳುವ ಸದ್ದು ಕಾಂಟ್ಯಾಕ್ಟರ್‌ನಿಂದ ಬರಲ್ಲ ಅಲ್ವಾ? ನನಗೆ ಬೇಕಿದ್ದದ್ದು ಅದೇ. ಈಗ ಆ ಸದ್ದು ಬರುತ್ತಿದೆ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನದು 43 ಇಂಚಿನ ಟಿವಿಯನ್ನು ಮಲಗಿಸಿ ಮಾಡಿದ ವರ್ಚುವಲ್ ಪಿನ್‌ಬಾಲ್. ಪೆಟ್ಟಿಗೆ 18 ಎಂಎಂ ಪ್ಲೈ. ವಿಷುಯಲ್ ಪಿನ್‌ಬಾಲ್ ಎಕ್ಸ್ ಅನ್ನೋ ಸಾಫ್ಟ್‌ವೇರ್ ಓಡುತ್ತೆ, ಬೇಜಾರಾದಾಗ ಹಳೇ ವಿಡಿಯೋ ಗೇಮ್ ಓಡಿಸುವ ಮೇಮ್.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಾರಿಗೆ ಹಾಕುವ 4 ಇಂಚಿನ ಕೋಆಕ್ಸಿಯಲ್ ಸ್ಪೀಕರ್ ಎರಡು ಜೊತೆ ತಂದು, ಒಂದು ಜೊತೆ ಹಿಂದೆ ನೆಟ್ಟಗೆ ನಿಲ್ಲುವ ಬ್ಯಾಕ್‌ಬಾಕ್ಸ್‌ಗೆ, ಇನ್ನೊಂದು ಆಡುವವರ ಕಡೆಯ ಲಾಕ್‌ಬಾರ್ ಪಟ್ಟಿಯ ಕೆಳಗೆ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಸದ್ದು ಸ್ಪೀಕರ್ ಕೊರೆದ ತೂತಿನಿಂದಲೇ ಬರುತ್ತಿತ್ತು. ಚೆಂಡು ಕಣ್ಣೆದುರು, ಸದ್ದು ಮೊಣಕಾಲ ಹತ್ತಿರ. ಇಂಥ ಪೆಟ್ಟಿಗೆಯಲ್ಲಿ ಸ್ಪೀಕರ್ ಎಷ್ಟು ಹಾಕಿದರೂ ಇಷ್ಟೇ. ಮರವೇ ಸದ್ದು ಮಾಡಬೇಕು, ಅಂದರೆ ಹಲಗೆಗೆ ಕೂತು ಅದನ್ನೇ ಅದುರಿಸುವ ಎಕ್ಸೈಟರ್ ಬೇಕು.

ಅದಕ್ಕೂ ಮೊದಲು ಸೌಂಡ್ ಕಾರ್ಡ್ ಕಥೆ. ಅಂಗಡಿಯವನು "7.1 ಸಾರ್, ಎಲ್ಲರೂ ಇದೇ ತಗೊಳ್ಳೋದು" ಅಂತ ಮುನ್ನೂರು ರೂಪಾಯಿಯ ಯುಎಸ್‌ಬಿ ತುಂಡೊಂದು ಕೊಟ್ಟ. ನೋಡಿದರೆ ಒಂದು ಹಸಿರು ಜ್ಯಾಕ್, ಒಂದು ಗುಲಾಬಿ ಜ್ಯಾಕ್. ಒಳಗೆ ಬರೀ ಸ್ಟೀರಿಯೋ, 7.1 ಏನಿದ್ದರೂ ಸಾಫ್ಟ್‌ವೇರ್ ಆಟ. ಹಸಿರು, ಕಪ್ಪು, ಬೂದು, ಕಿತ್ತಳೆ ಅಂತ ನಾಲ್ಕೂ ಔಟ್‌ಪುಟ್ ಬೇರೆ ಬೇರೆ ಇರುವ ಕಾರ್ಡೇ ಬೇಕು. ಸಿಎಂ6206 ಚಿಪ್ ಇರುವುದು ಎರಡು ಸಾವಿರದ ಆಸುಪಾಸಿಗೆ ಸಿಕ್ಕಿತು. ಹಸಿರು ಬ್ಯಾಕ್‌ಬಾಕ್ಸ್‌ಗೆ, ಬೂದು ಚೆಂಡು ಓಡಾಡುವ ಪ್ಲೇಫೀಲ್ಡ್‌ನ ಮೇಲ್ತುದಿಗೆ, ಕಪ್ಪು ಲಾಕ್‌ಬಾರ್ ಕಡೆಗೆ, ಕಿತ್ತಳೆ ಸಬ್‌ಗೆ. ಸೆಂಟರ್ ಚಾನೆಲ್ ಸುಮ್ನೆ ಬಿಟ್ಟೆ, ಇಲ್ಲಿ ಅದಕ್ಕೆ ಕೆಲಸವಿಲ್ಲ.

ಎಕ್ಸೈಟರ್ ವಿಷಯದಲ್ಲಿ ಜಾಸ್ತಿ ದುಡ್ಡು ಹೋಯಿತು. ಮುನ್ನೂರು ರೂಪಾಯಿಯ ಚಿಕ್ಕವು 18 ಎಂಎಂ ಪ್ಲೈಯನ್ನು ಅಲುಗಾಡಿಸುವುದೇ ಇಲ್ಲ, ವಾಲ್ಯೂಮ್ ಏರಿಸಿದರೆ ಸೊಳ್ಳೆಯಂತೆ ಗುಂಯ್‌ಗುಡುತ್ತವೆ. ಕೊನೆಗೆ ಡೇಟನ್ ಕಂಪನಿಯವು ತರಿಸಿದೆ. ನೆನಪಿದ್ದಂತೆ ಒಂದಕ್ಕೆ ಎರಡು ಸಾವಿರದ ಮೇಲೆ ಬಿತ್ತು, ಅಂಥವು ನಾಲ್ಕು. ಮನೆಯಲ್ಲಿ ಬೆಲೆ ಹೇಳಿಲ್ಲ.

ಅವುಗಳ ಜೊತೆ ಬರುವ ಅಂಟು ಪಟ್ಟಿಯನ್ನು ನಮ್ಮ ಏಪ್ರಿಲ್ ತಿಂಗಳಲ್ಲಿ ನಂಬಬೇಡಿ. ಪ್ಲೈನ ಒರಟು ಮೈಗಂತೂ ಅದು ನಿಲ್ಲಲ್ಲ. ಒಂದು ರಾತ್ರಿ ಪೆಟ್ಟಿಗೆಯೊಳಗೆ ಎಕ್ಸೈಟರ್ ಧಡ್ ಅಂತ ಬಿತ್ತು. ಈಗ ಅಂಗೈಯಗಲ ಸನ್‌ಮೈಕಾ ತುಂಡನ್ನು ಪ್ಲೈಗೆ ಅಂಟಿಸಿ, ಅದರ ಮೇಲೆ ಎಕ್ಸೈಟರ್ ಕೂರಿಸಿ ಸ್ಕ್ರೂ ಬಿಗಿದಿದ್ದೇನೆ. ಸನ್‌ಮೈಕಾಕ್ಕೂ ಪ್ಲೈಗೂ ನಡುವೆ ಇನ್ನೊಂದು ವಸ್ತು ಇದೆ. ಅದೇನು ಅಂತ ಹೇಳಲ್ಲ. ಮೂರು ಬಗೆಯ ಮಾಲು ಹಾಳುಮಾಡಿ ಕಂಡುಕೊಂಡಿದ್ದು, ಇರಲಿ ಬಿಡಿ.

ಎಲ್ಲಿ ಕೂರಿಸಬೇಕು ಅನ್ನುವುದಕ್ಕೆ ಅಳತೆಯ ಲೆಕ್ಕ ಕೆಲಸಕ್ಕೆ ಬರಲಿಲ್ಲ. ಪಕ್ಕದ ಹಲಗೆಯನ್ನು ಬೆರಳ ಗೆಣ್ಣಿಂದ ತಟ್ಟುತ್ತಾ ಹೋಗಿ. ದಬ್ ಅಂದರೆ ಹಿಂದೆ ಮೂಲೆಕಟ್ಟಿಗೆ ಇದೆ, ಅಲ್ಲಿ ಸದ್ದು ಸಾಯುತ್ತೆ. ಟಣ್ ಅಂದರೆ ಅಲ್ಲೇ ಗುರುತು ಹಾಕಿ. ನನಗೆ ಮೂಲೆಯಿಂದ ಒಂದು ಗೇಣು ದೂರದಲ್ಲಿ ಸಿಕ್ಕಿತು. ಪೆಟ್ಟಿಗೆ ಮಾಡಿಕೊಟ್ಟ ಆಚಾರ್ರು ನಾನು ತಟ್ಟುವುದನ್ನು ನೋಡಿ ನಕ್ಕರು. ಆಮೇಲೆ ಅವರೇ ಒಂದು ಕಟ್ಟಿಗೆ ಬಿಚ್ಚಿ ಜರುಗಿಸಿ ಕೊಟ್ಟರು.

ಆಂಪ್ಲಿಫೈಯರ್‌ಗೆ ಟಿಪಿಎ3116 ಬೋರ್ಡ್ ಮೂರು ಜೋಡಿ ಚಾನೆಲ್‌ಗೆ, ಸಬ್‌ಗೆ ಇನ್ನೊಂದು. ಒಂದೊಂದೂ ಆರೇಳು ನೂರು. ನಮ್ಮ ಗೆಳೆಯನೊಬ್ಬ ವೈರ್ ಉಳಿಸಲು ಸ್ಪೀಕರ್ ಮೈನಸ್‌ಗಳನ್ನೆಲ್ಲ ಒಟ್ಟಿಗೆ ಕಟ್ಟಿದ. ಇವು ಬ್ರಿಡ್ಜ್ ಔಟ್‌ಪುಟ್ ಬೋರ್ಡುಗಳು, ಎರಡು ವೈರಲ್ಲೂ ಸಿಗ್ನಲ್ ಇರುತ್ತೆ. ಒಂದು ಬೋರ್ಡ್ ಹೊಗೆಯಾಡಿ ಹೋಯಿತು, ಉಳಿಸಿದ ವೈರ್ ನಲವತ್ತು ರೂಪಾಯಿದು.

ಇನ್ನು ಹಮ್ಮಿಂಗ್. ಪಿಸಿಯ ಪವರ್ ಸಪ್ಲೈಯಿಂದಲೇ 12 ವೋಲ್ಟ್ ಎಳೆದುಕೊಂಡಾಗ ಗ್ರಾಫಿಕ್ಸ್ ಕಾರ್ಡ್ ಉಸಿರಾಡುವುದೂ ಸ್ಪೀಕರಲ್ಲಿ ಕೇಳುತ್ತಿತ್ತು. ಬೇರೆಯೇ 24 ವೋಲ್ಟ್ ಪವರ್ ಸಪ್ಲೈ (ಎಸ್‌ಎಂಪಿಎಸ್) ಹಾಕಿ, ಸಬ್‌ನ ಲೈನಿಗೆ ಗ್ರೌಂಡ್ ಲೂಪ್ ಐಸೋಲೇಟರ್ ಕೊಟ್ಟ ಮೇಲೆ ನಿಂತಿತು. ಐಸೋಲೇಟರ್ ಇನ್ನೂರೋ ಇನ್ನೂರೈವತ್ತೋ.

ವಿಷುಯಲ್ ಪಿನ್‌ಬಾಲಿನ ಸದ್ದಿನ ಸೆಟ್ಟಿಂಗಲ್ಲಿ ಆರಿಸಬೇಕಾದ್ದು ಸೈಡ್ ಮತ್ತು ರಿಯರ್ ಚಾನೆಲ್, ರಿಯರ್ ಲಾಕ್‌ಬಾರ್ ಕಡೆಗೆ, ಹೊಸ ಮಿಕ್ಸಿಂಗ್. ಇಷ್ಟೇ. ಇದನ್ನು ಹಾಕಿಯೂ ಸದ್ದು ಬರೀ ಎಡಬಲ ಓಡಾಡಿದರೆ ತಂತಿ ಎಳೆದಾಡಬೇಡಿ, ಟೇಬಲ್‌ನ (ಇಲ್ಲಿ ಒಂದೊಂದು ಆಟವೂ ಒಂದು ಟೇಬಲ್) ಸ್ಕ್ರಿಪ್ಟ್ ತೆಗೆದು ನೋಡಿ. ಹಳೇ ಟೇಬಲ್‌ಗಳಲ್ಲಿ ಎಡಬಲ ಸರಿಸುವ ಪ್ಯಾನ್ ಇರುತ್ತೆ, ಹಿಂದೆ ಮುಂದೆ ಸರಿಸುವ ಆಡಿಯೋಫೇಡ್ ಇರಲ್ಲ. ನಾನು ಒಂದು ಇಡೀ ವಾರಾಂತ್ಯ ಬರೀ ಅದನ್ನೇ ತುಂಬಿದ್ದೇನೆ. ನಿಜವಾದ ಮಷೀನಿನ ಸಾಫ್ಟ್‌ವೇರ್ ಓಡಿಸುವ ಪಿನ್‌ಮೇಮ್‌ನ ಸಂಗೀತ ಮಾತ್ರ ಬ್ಯಾಕ್‌ಬಾಕ್ಸಲ್ಲೇ ಇರಲಿ, ನಿಜವಾದ ಮಷೀನಲ್ಲೂ ಅದು ಹೆಚ್ಚಾಗಿ ಅಲ್ಲಿಂದಲೇ ಬರುವುದು. ಉರುಳುವ ಸದ್ದನ್ನು ನಿಮಗೆ ಸಾಕು ಅನಿಸಿದ್ದಕ್ಕಿಂತ ಕಡಿಮೆ ಇಡಿ. ಎಷ್ಟು ಕಡಿಮೆ ಅನ್ನುವುದು ನಿಮ್ಮ ಮರಕ್ಕೆ ಬಿಟ್ಟಿದ್ದು.

ಮಧ್ಯೆ ಒಂದು ಚಪಲ. ಇಷ್ಟೆಲ್ಲ ಸ್ಪೀಕರ್ ಇದೆ, ಮೇಮ್ ಆಟಗಳಿಗೂ ಯಾಕೆ ಬಳಸಬಾರದು ಅಂತ ಸ್ಟೀರಿಯೋವನ್ನು 7.1ಕ್ಕೆ ಹರಡುವ ಆಯ್ಕೆ ಆನ್ ಮಾಡಿದೆ. ಮೊದಲು ಮುಸ್ತಫಾ. ನಮ್ಮ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಎಲ್ಲರೂ ಮುಸ್ತಫಾ ಅಂತಲೇ ಕರೆದ 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಕೆಟ್ಟದಾಗಿ ಕೇಳಿಸಿತು. ಗುದ್ದಿನ ಸದ್ದು ಡ್ರಮ್ಮಿನೊಳಗಿಂದ ಬಂದ ಹಾಗೆ. ಕಾರಣ ಆ ಆಟದ ಬೋರ್ಡಲ್ಲಿರುವ ಕ್ಯೂಸೌಂಡ್ ಅನ್ನೋ ಸದ್ದಿನ ತಂತ್ರ. ಎರಡೇ ಸ್ಪೀಕರಲ್ಲಿ ಅಗಲವಾಗಿ ಕೇಳಿಸಲೆಂದೇ ಅದು ಸದ್ದನ್ನು ಮೊದಲೇ ತಿರುಚಿರುತ್ತೆ, ಅದರ ಮೇಲೆ ಮತ್ತೆ ಹರಡಿದರೆ ಕಲಸುಮೇಲೋಗರ. ಹರಡುವುದನ್ನು ನಿಲ್ಲಿಸಿ ಬರೀ ಬ್ಯಾಕ್‌ಬಾಕ್ಸಿನ ಎರಡರಲ್ಲಿ ಕೇಳಿದೆ, ಅಬ್ಬಾ! ಪಾರ್ಲರಿನ ಗದ್ದಲದಲ್ಲಿ ಇದೆಲ್ಲ ಯಾರಿಗೆ ಕೇಳಿಸಿತ್ತು? 1980ರ ಪ್ಯಾಕ್‌ಮ್ಯಾನ್ ಹೇಗೂ ಮೋನೋ, ಅದಕ್ಕೆ ಎಷ್ಟು ಸ್ಪೀಕರ್ ಇದ್ದರೇನು.

ಸದ್ದಿನ ಬಾಬ್ತೇ ಒಟ್ಟು ಇಪ್ಪತ್ತು ಸಾವಿರದ ಹತ್ತಿರ ಹೋಗಿರಬೇಕು. ಅದರಲ್ಲಿ ನಾಲ್ಕೈದು ಸಾವಿರ ದಂಡ. ಸಬ್ 8 ಇಂಚು, ತಳದ ಹಲಗೆಯಲ್ಲಿ ಕೆಳಮುಖ. ಕಾಲುಗಳಿಗೆ ದಪ್ಪ ರಬ್ಬರ್ ಕೊಡುವ ಮುಂಚೆ ಕೆಳಮನೆ ಆಂಟಿ ಮೇಲೆ ಬಂದು, ರಾತ್ರಿ ಹೊತ್ತು ಮಸಾಲೆ ಕುಟ್ಟುತ್ತೀರಾ ಅಂತ ಕೇಳಿದರು. ರಬ್ಬರ್ ಹಾಕಿದ ಮೇಲೆ ದೂರು ಕಡಿಮೆಯಾಗಿದೆ, ನಿಂತಿಲ್ಲ. ಹಾಗಾಗಿ ಕಾಯಿನ್ ಡೋರ್ ಪಕ್ಕ ಸಬ್‌ಗೆ ಅಂತಲೇ ಒಂದು ಸ್ವಿಚ್ ಇಟ್ಟಿದ್ದೇನೆ. ಹತ್ತು ಗಂಟೆಗೆ ಆಫ್.