ಬೆಂತೊ ಕಟ್ಟುವಾಗ ನೀರಿನ ಲೆಕ್ಕ

ಬೆಂತೊ, ಅಂದರೆ ಜಪಾನಿ ಊಟದ ಡಬ್ಬಿ, ಸೋರುವುದಕ್ಕೂ ಹಳಸುವುದಕ್ಕೂ ಬಹುಪಾಲು ನೀರೇ ಕಾರಣ. ಹಾಗಾಗಿ ಪ್ರತಿ ಹಂತದಲ್ಲೂ ನಾನು ಮೊದಲು ನೋಡುವುದು ಪಸೆ ಎಲ್ಲಿದೆ ಎಂದು.

ನನ್ನದು 600 ಮಿ.ಲೀ. ಡಬ್ಬಿ. ಅರ್ಧ ಅನ್ನ, ಉಳಿದರ್ಧದಲ್ಲಿ ಒಂದು ಪಾಲು ಮೀನು, ಮೊಟ್ಟೆ ಅಥವಾ ತೋಫು, ಎರಡು ಪಾಲು ತರಕಾರಿ. ಜಪಾನಿ ಅಳತೆಯಲ್ಲಿ ಒಂದು ಗೋ, ಅಂದರೆ 180 ಮಿ.ಲೀ., ಕೊಶಿಹಿಕಾರಿ ಎಂಬ ಅಂಟುವ ಜಪಾನಿ ಅಕ್ಕಿಗೆ 200 ಮಿ.ಲೀ. ನೀರು, ಅರ್ಧ ಗಂಟೆ ನೆನೆಸಬೇಕು. ಸೋನಾ ಮಸೂರಿ ಇಲ್ಲಿ ಒಗ್ಗದು: ಅಮೈಲೋಸ್ ಎಂಬ ಬಗೆಯ ಪಿಷ್ಟ ಹೆಚ್ಚಿರುವುದರಿಂದ ಆರಿದ ಮೇಲೆ ಗಟ್ಟಿಯಾಗಿ ಉದುರುತ್ತದೆ, ಚಾಪ್‌ಸ್ಟಿಕ್‌ಗೆ ಸಿಗುವುದಿಲ್ಲ. ಅನ್ನವನ್ನು ಬಿಸಿಯಿರುವಾಗಲೇ ತುಂಬಿ, ಪಲ್ಯದ ಕಡೆಗೆ ಇಳಿಜಾರು ಮಾಡಿ ಆರಲು ಬಿಡಬೇಕು.

ತಾಮಾಗೊಯಾಕಿಯಲ್ಲಿ, ಅಂದರೆ ಪದರವಾಗಿ ಸುತ್ತಿದ ಜಪಾನಿ ಆಮ್ಲೆಟ್‌ನಲ್ಲಿ, ಎಡವುವವರೇ ಹೆಚ್ಚು. ಮನೆಯೂಟಕ್ಕೆ ದಾಶಿ (ಒಣ ಮೀನು, ಕಡಲಕಳೆಯ ತಿಳಿಸಾರು) ಧಾರಾಳವಾಗಿ ಹಾಕಿದರೆ ಚೆನ್ನ, ಡಬ್ಬಿಗೆ ಹಾಗೆ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ನೀರು ಬಿಟ್ಟು ಪಕ್ಕದ ಅನ್ನ ನೆನೆಯುತ್ತದೆ. ಎರಡು ಮೊಟ್ಟೆಗೆ ಒಂದೇ ಟೇಬಲ್ ಚಮಚ ದಾಶಿ, ಅದರಲ್ಲಿ ಅರ್ಧ ಟೀ ಚಮಚ ಆಲೂಗಡ್ಡೆ ಪಿಷ್ಟ ಕದಡಿಕೊಳ್ಳಿ. ಪಿಷ್ಟ ನೀರನ್ನು ಹಿಡಿದಿಡುತ್ತದೆ. ಒಂದು ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಎಣ್ಣೆ ಸವರಿದ ಚೌಕ ಬಾಣಲೆಗೆ ಹನಿ ಮೊಟ್ಟೆ ಬಿದ್ದಾಗ ಚುರ್ ಎನ್ನಬೇಕು. ಮೂರು ಸಲ ತೆಳ್ಳಗೆ ಸುರಿದು, ಪ್ರತಿ ಸಲವೂ ಸುರುಳಿ ಎತ್ತಿ ಅಡಿಗೂ ಹರಿಯಬಿಟ್ಟು ಸುತ್ತಿ. ಒಳಗೆ ಹಸಿ ಉಳಿಯಕೂಡದು. ಪೂರ್ತಿ ಆರಿದ ಮೇಲೆ ಕತ್ತರಿಸಿ. ಮೀನು ಬೇಡದವರು ದಾಶಿಯನ್ನು ಕೊಂಬು ಎಂಬ ಕಡಲಕಳೆ, ಒಣ ಶಿಟಾಕೆ ಅಣಬೆಯಿಂದ ಮಾಡಬಹುದು. ಅಂಗಡಿಯ ಪುಡಿ ದಾಶಿಯಲ್ಲಿ ಸಾಮಾನ್ಯವಾಗಿ ಮೀನಿರುತ್ತದೆ.

ಪಾಲಕ್ ಬೇಯಿಸಿ ತಣ್ಣೀರಿಗೆ ಹಾಕಿ, ಹಿಂಡಿ, ಸೋಯಾ ಸಾಸ್ ಹನಿಸಿ ಇನ್ನೊಮ್ಮೆ ಹಿಂಡುತ್ತೇನೆ. ಆಮೇಲೆ ಕುಟ್ಟಿದ ಎಳ್ಳು. ರುಚಿಯ ಜೊತೆಗೆ ಉಳಿದ ಪಸೆಯನ್ನೂ ಅದು ಹೀರುತ್ತದೆ. ಚೆರ್ರಿ ಟೊಮೆಟೊದ ತೊಟ್ಟು ಕಿತ್ತು ತೊಳೆದು ಒರೆಸಬೇಕು, ತೊಟ್ಟಿನ ಬುಡದಲ್ಲಿ ಸೂಕ್ಷ್ಮಾಣುಗಳು ಉಳಿದುಕೊಳ್ಳುತ್ತವೆ.

ತುಂಬುವಾಗ ದೊಡ್ಡ ತುಂಡು ಮೊದಲು, ಕೊನೆಗೆ ಸಂದಿಗಳಿಗೆ ಟೊಮೆಟೊ, ಬ್ರೊಕೊಲಿ. ಸಂದಿ ಉಳಿದರೆ ರೈಲಿನಲ್ಲೇ ಎಲ್ಲ ಕಲಸಿಹೋಗುತ್ತದೆ.

ಅನ್ನದ ನಡುವೆ ಒಂದು ಉಮೆಬೊಶಿ (ಉಪ್ಪಿನಲ್ಲಿ ಹಾಕಿಟ್ಟ ಹುಳಿ ಜಪಾನಿ ಹಣ್ಣು) ಇಟ್ಟರೆ ಡಬ್ಬಿಯೆಲ್ಲ ಕೆಡದು ಎಂದು ನಂಬಬೇಡಿ. ತಾಗಿದ ಕಡೆ ಮಾತ್ರ ಅದರ ಪ್ರಭಾವ, ಅದಕ್ಕೇ ಬೀಜ ತೆಗೆದು ಹಿಸುಕಿ ಅನ್ನಕ್ಕೆ ಕಲಸುವುದು ಮೇಲು. ಈಗ ಸಿಗುವ ಶೇ 8ರಷ್ಟು ಉಪ್ಪಿನ ಸಿಹಿ ಬಗೆಗೆ ಶೇ 20ರಷ್ಟು ಉಪ್ಪಿನ ಹಳೆಯ ಬಗೆಯ ಕಸುವಿಲ್ಲ.

ಬಿಸಿ ಇರುವಾಗ ಮುಚ್ಚಿದರೆ ಹಬೆ ಹನಿಯಾಗಿ ಇಳಿಯುತ್ತದೆ. ಫ್ಯಾನ್ ಕೆಳಗೆ ಬೇಗ ಆರಿಸಿ, ಕೈಗೆ ಬೆಚ್ಚಗೂ ಅನ್ನಿಸದಿದ್ದಾಗ ಮುಚ್ಚಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಸ್ ಪ್ಯಾಕ್ ಕಡ್ಡಾಯ; ತಂಪು ಕೆಳಗಿಳಿಯುವುದರಿಂದ ಅದನ್ನು ಮುಚ್ಚಳದ ಮೇಲಿಡಿ.