ಹೂವಿನ ನಡುವೆ ಮರುಗ: ನಾನು ಕೌದಿ ಹೊಲಿದ ಬಗೆ

ದೊಡ್ಡ ಹೂವಿನ ಬಟ್ಟೆ ಕಂಡರೆ ನನಗೆ ಕೈ ತಡೆಯುವುದೇ ಇಲ್ಲ. ಹೋದ ವರ್ಷ ದಾವಣಗೆರೆಯ ಚೌಕಿಪೇಟೆಯಲ್ಲಿ ಕಟ್ ಪೀಸ್ ರಾಶಿ ಕೆದಕುವಾಗ ಅಂಥವು ಮೂರು ಸಿಕ್ಕವು. ಮರೂನ್ ಒಡಲಿಗೆ ಕೆಂಪು ಗುಲಾಬಿ. ಕಡುನೀಲಿಗೆ ಹಳದಿ ದಾಸವಾಳ. ಕಪ್ಪಿಗೆ ಗುಲಾಬಿ ಬಣ್ಣದ ಕಮಲ. ಒಂದೊಂದು ಹೂವೂ ಹೆಚ್ಚು ಕಡಿಮೆ ಒಂದು ಗೇಣು ಅಗಲ. ಮಗಳು ಓದಲು ಧಾರವಾಡಕ್ಕೆ ಹೊರಟಿದ್ದಳು. ಅವಳಿಗೆ ಇದರಲ್ಲೇ ಒಂದು ಕೌದಿ ಹೊಲಿದು ಕೊಡಬೇಕು ಅಂತ ಅಲ್ಲೇ ನಿರ್ಧರಿಸಿದೆ.

ಮೊದಲು ಕೈ ಹಾಕಿದ್ದೇ ತಪ್ಪಾಯಿತು. ಗುಲಾಬಿ ಬಟ್ಟೆಯಲ್ಲಿ ಒಂದು ಮೀಟರನ್ನು 4 ಇಂಚಿನ ತುಂಡು ಮಾಡಿಬಿಟ್ಟೆ. ಉಳಿದ ಎರಡರಲ್ಲೂ ಸ್ವಲ್ಪ ಸ್ವಲ್ಪ ಕತ್ತರಿಸಿ ಜೊತೆಗೆ ಜೋಡಿಸಿದೆ. ಒಂದು ತುಂಡಿನಲ್ಲಿ ಅರ್ಧ ದಳ, ಇನ್ನೊಂದರಲ್ಲಿ ಬರೀ ಎಲೆಯ ತುದಿ. ಹತ್ತಿರದಿಂದ ಚೆನ್ನಾಗಿಯೇ ಇತ್ತು. ಬಾಗಿಲ ಹತ್ತಿರ ನಿಂತು ನೋಡಿದರೆ ಒಂದು ಹೂವೂ ಇಲ್ಲ, ಬಣ್ಣ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಷ್ಟು ಆಸೆಪಟ್ಟು ತಂದ ಬಟ್ಟೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿ ಚಿಕ್ಕಂದಿನಿಂದ ಕೌದಿ ಹೊಲಿದವರು. ಅವರ ಯಜಮಾನರು ಇಲ್ಲಿಯ ಹತ್ತಿ ಗಿರಣಿಯಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಎರಡು ಬೆರಳಲ್ಲಿ ಉಜ್ಜಿ ನೋಡಿ ಬಟ್ಟೆ ಪೂರ್ತಿ ಹತ್ತಿಯದೋ ಮಿಕ್ಸೋ ಅಂತ ಅಜ್ಜಿ ಹೇಳಿಬಿಡುತ್ತಾರೆ. ನನ್ನ ತುಂಡುಗಳನ್ನು ನೋಡಿ ಕೇಳಿದ್ದು ಒಂದೇ ಮಾತು. "ಅಲ್ಲವ್ವಾ, ಮಾಲೆ ಕಟ್ಟುವಾಗ ಬರೀ ಹೂವೇ ಕಟ್ತೀಯೇನು? ನಡುನಡುವೆ ಮರುಗ ಇಡಲ್ವೇನು?"

ಆ ಮಾತಿನಿಂದ ಇಡೀ ಕೌದಿಯ ಲೆಕ್ಕವೇ ಬದಲಾಯಿತು. ಹೂವನ್ನು ಪೂರ್ತಿ ಉಳಿಸಬೇಕು. ಅದರ ಪಕ್ಕದಲ್ಲಿ ಸುಮ್ನೆ ಕೂರುವ ಬಟ್ಟೆ ಬೇಕು.

ಸೀರೆ ಡಬ್ಬಿಯ ರಟ್ಟಿನಲ್ಲಿ 10 ಇಂಚು ಚೌಕದ ಕಿಟಕಿ ಕತ್ತರಿಸಿಕೊಂಡೆ. ಅದನ್ನು ಬಟ್ಟೆಯ ಮೇಲೆ ಸರಿಸುತ್ತಾ ಹೋದರೆ ಯಾವ ಹೂ ಹೇಗೆ ಕೂರುತ್ತದೆ ಅಂತ ಕತ್ತರಿ ಹಾಕುವ ಮೊದಲೇ ಕಾಣುತ್ತದೆ. ಹೊಲಿಗೆಗೆ ನಾಲ್ಕೂ ಕಡೆ ಕಾಲು ಇಂಚು ಬಿಟ್ಟು ಹತ್ತೂವರೆ ಇಂಚಿಗೆ ಕತ್ತರಿಸಿದೆ. ಬಟ್ಟೆ ಮಾತ್ರ ಜಾಸ್ತಿ ಬೇಕು. 44 ಇಂಚು ಅಗಲದ ಎರಡು ಮೀಟರಿನಲ್ಲಿ ಲೆಕ್ಕಕ್ಕೆ 28 ಚೌಕ ಬರಬೇಕು. ಹೂ ನಡುವಿಗೇ ಬರಬೇಕು ಅಂತ ಕತ್ತರಿಸಿದಾಗ ನನಗೆ ಸಿಕ್ಕಿದ್ದು 11. ಗುಲಾಬಿ ಸಾಲದೆ ಮತ್ತೆ ಅಂಗಡಿಗೆ ಓಡಿದೆ, ಪುಣ್ಯಕ್ಕೆ ಇನ್ನೂ ಇತ್ತು.

ಇನ್ನು ಮರುಗದ ವಿಷಯ. ನಾನು ನಿಜವಾಗಿಯೂ ಮರುಗದ ಬಣ್ಣವನ್ನೇ ಹುಡುಕಿದೆ, ಆ ಬೂದಿ ಬೆರೆತ ಹಸಿರು. ಮೂರೂ ಬಟ್ಟೆಯ ಎಲೆಗಳಲ್ಲಿ ಆ ಹಸಿರು ಒಂದಿಷ್ಟು ಇತ್ತು, ಹಾಗಾಗಿ ಮೂರನ್ನೂ ಒಂದು ಮಾಡುವ ಶಕ್ತಿ ಅದಕ್ಕಿತ್ತು. ಮೊದಲು ತಂದ ಹಸಿರು ಪಾಪ್ಲಿನ್ ಕೈಯಲ್ಲಿ ಹಿಡಿದಾಗ ಸೊಗಸಾಗಿತ್ತು. ಹೂವಿನ ಪಕ್ಕ ಇಟ್ಟು ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆದೆ. ಮರೂನೂ ಹಸಿರೂ ಒಂದೇ ಬೂದು! ಬಣ್ಣ ಬೇರೆಯಾದರೆ ಸಾಲದು, ಒಂದು ಗಾಢ ಇದ್ದರೆ ಇನ್ನೊಂದು ತಿಳಿ ಇರಬೇಕು. ತಿಳಿಯಾದದ್ದನ್ನು ತಂದೆ. ಅದರ ಜೊತೆಗೆ ಅಮ್ಮನ ಹಳೇ ಸೀರೆಯ ಸಣ್ಣ ಚೌಕಳಿ ಸೇರಿಸಿದೆ. ಇನ್ನೊಂದು ಹೂವಿನ ಬಟ್ಟೆಯನ್ನಂತೂ ಹತ್ತಿರ ಬಿಡಲಿಲ್ಲ.

ಕತ್ತರಿಸುವ ಮೊದಲು ಎಲ್ಲವನ್ನೂ ಒಗೆಯಲೇಬೇಕು. ನೀರಿನಲ್ಲಿ ಜೊತೆಗೆ ಒಂದು ಬಿಳಿ ಕರವಸ್ತ್ರ ಹಾಕುತ್ತೇನೆ. ಮರೂನ್ ಬಟ್ಟೆ ಆ ಕರವಸ್ತ್ರವನ್ನು ಮೂರು ಸಲ ಕೆಂಪು ಮಾಡಿತು. ನಾಲ್ಕನೇ ಸಲ ಅದು ಬೆಳ್ಳಗೆ ಉಳಿದ ಮೇಲೇ ಕತ್ತರಿ ಹಿಡಿದೆ.

ಜೋಡಣೆ ಚದುರಂಗದ ಮಣೆಯ ಹಾಗೆ. ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ಚೌಕ. 24 ಚೌಕದಲ್ಲಿ ಇಡೀ ಹೂ, ಒಂದೊಂದು ಬಟ್ಟೆಯಿಂದ 8. ಉಳಿದ 24 ಹಸಿರು ಮತ್ತು ಚೌಕಳಿಯ ನಾಲ್ಕು ನಾಲ್ಕು ತುಂಡು ಸೇರಿಸಿ ಮಾಡಿದ್ದು. ಹೊಲಿಯುವ ಮೊದಲು ಎರಡು ದಿನ ಹಾಲಿನ ನೆಲದ ಮೇಲೆ ಹರಡಿಟ್ಟೆ. ಸ್ಟೂಲ್ ಹತ್ತಿ ನಿಂತು ನೋಡಿದೆ. ಮೂರು ಕೆಂಪು ಒಂದೇ ಮೂಲೆಯಲ್ಲಿ ಸೇರಿಕೊಂಡಿದ್ದವು, ಚೆದುರಿಸಿದೆ. ಹೂವಿನ ತೊಟ್ಟೆಲ್ಲ ಕಾಲಿನ ಕಡೆಗೆ ಬರುವಂತೆ ತಿರುಗಿಸಿದೆ. ಹೊಲಿದ ಮೇಲೆ ಇಸ್ತ್ರಿ ಮಾಡುವಾಗ ಹೊಲಿಗೆಯ ಅಂಚನ್ನು ಪ್ರತಿ ಸಲವೂ ಹೂವಿನ ಚೌಕದ ಕಡೆಗೇ ಮಡಿಸಿದೆ. ಹಾಗೆ ಮಾಡಿದರೆ ಸಾಲು ಸಾಲು ಜೋಡಿಸುವಾಗ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಸರಿಯಾಗಿ ಕೂರುತ್ತವೆ. ಸುತ್ತ 4 ಇಂಚಿನ ಹಸಿರು ಪಟ್ಟಿ ಕೊಟ್ಟೆ.

ಒಳಗೆ ಹತ್ತಿ ತುಂಬಲಿಲ್ಲ. ನಮ್ಮ ಕೌದಿಯ ಪದ್ಧತಿಯಂತೆ ಹಳೇ ನೂಲಿನ ಸೀರೆ ಎರಡು ಹಾಸಿದೆ. ಆ ಮೆತ್ತಗಿನ ಗುಣ ಹೊಸ ಬಟ್ಟೆಗೆ ಬರುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ ಕೂಡ. ಕೆಳಗಿನ ಬದಿಗೂ ಸೀರೆಯೇ. ಕಚ್ಚಾ ಹೊಲಿಗೆ ಹಾಕಿಕೊಂಡು ಅಜ್ಜಿ ತೋರಿಸಿದ ಹಾಗೆ ಅಂಚಿನಿಂದ ಸುತ್ತುತ್ತಾ ನಡುವಿಗೆ ಬಂದೆ. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ. ಹೂವಿನ ಮೇಲೆ ಈ ಹೊಲಿಗೆ ಕಾಣುವುದೇ ಇಲ್ಲ. ತಿಳಿ ಹಸಿರಿನ ಮೇಲೆ ಮಾತ್ರ ಒಂದೊಂದೂ ಎದ್ದು ಕಾಣುತ್ತದೆ. ಅದಕ್ಕೇ ಅಲ್ಲಿ ನಿಧಾನ ಮಾಡಿದೆ. ಮರೂನ್ ದಾರ ಬಳಸಿದ್ದೂ ಅದಕ್ಕೇ.

ಮೂರು ತಿಂಗಳು ಹಿಡಿಯಿತು. ಮಗಳ ಕೈಗೆ ಕೊಡುವಾಗ ಒಂದು ಮಾತು ಹೇಳಿದೆ: ಒಗೆದ ಮೇಲೆ ಒಳಬದಿ ಹೊರಗೆ ಮಾಡಿ ನೆರಳಲ್ಲೇ ಒಣಗಿಸು, ಬಿಸಿಲಿಗೆ ಹಾಕಿದರೆ ಗುಲಾಬಿ ಬೇಗ ಮಂಕಾಗುತ್ತದೆ.